ಯೋಧನ ಹೆಗಲಿಗೊಂದು ಕೌದಿ

ಯುದ್ಧಗಳ ಚರಿತ್ರೆಯನ್ನು ಬರೆದವರು ಕತ್ತಿ, ಕೋವಿ, ಕೋಟೆಗಳ ಲೆಕ್ಕವನ್ನು ಚೆನ್ನಾಗಿ ಇಟ್ಟಿದ್ದಾರೆ. ಸೂಜಿ ದಾರಗಳ ಲೆಕ್ಕವನ್ನು ಇಟ್ಟವರು ಕಡಮೆ. ಆದರೆ ದಂಡು ಹೊರಟಲ್ಲೆಲ್ಲ ಅದರ ಬೆನ್ನಿಗೆ ಹೊಲಿಗೆಯೂ ಹೊರಟಿದೆ. ಸಿಪಾಯಿಯ ಮೈಮೇಲಿನ ಅಂಗಿ, ಅವನು ತಂಗುವ ಡೇರೆ, ಗಾಯಕ್ಕೆ ಸುತ್ತುವ ಪಟ್ಟಿ, ರಾತ್ರಿ ಹೊದೆಯುವ ಹೊದಿಕೆ ಇವೆಲ್ಲ ಯಾರದೋ ಬೆರಳುಗಳ ದುಡಿಮೆ. ಆ ಬೆರಳುಗಳಲ್ಲಿ ಕೆಲವು ಕೂಲಿಗಾಗಿ ದುಡಿದುವು. ಕೆಲವು ಸರಕಾರದ ಅಪ್ಪಣೆಗೆ ದುಡಿದುವು. ಇನ್ನು ಕೆಲವು ಯಾರೂ ಹೇಳದೆ, ಯಾವ ಪ್ರತಿಫಲವನ್ನೂ ಬಯಸದೆ ದುಡಿದುವು. ಈ ಮೂರನೆಯ ಬಗೆಯ ದುಡಿಮೆಯನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಮೊದಲು ಹೊದಿಕೆಯ ಮಾತು. ಆಗುಂಬೆ ಘಟ್ಟದ ಬುಡದಲ್ಲಿರುವ ಹೆಬ್ರಿಯಂಥ ಊರಿನವರಿಗೆ ಹೊದಿಕೆಯ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆಟಿ ತಿಂಗಳ ಮಳೆ ಹಗಲಿರುಳೆನ್ನದೆ ಸುರಿಯುವಾಗ ಒದ್ದೆ ಬಟ್ಟೆ ಒಣಗುವುದಿಲ್ಲ, ಒಲೆಯ ಬಳಿಯಿಂದ ಏಳಲು ಮನಸ್ಸು ಬರುವುದಿಲ್ಲ. ಆಗ ಮನೆಯ ಹಳೆಯ ಸೀರೆಗಳನ್ನು ಮಡಿಸಿ ಹೊಲಿದ ಹೊದಿಕೆಯ ಸುಖ ಅಂಗಡಿಯಿಂದ ತಂದ ರಗ್ಗಿಗೆ ಇರುವುದಿಲ್ಲ. ಘಟ್ಟದ ಮೇಲೆ, ಅದರಲ್ಲಿಯೂ ಧಾರವಾಡ, ವಿಜಾಪುರ, ಕಲಬುರ್ಗಿಗಳ ಕಡೆ, ಇದು ಕೌದಿಯೆಂಬ ಹೆಸರಿನಿಂದ ಒಂದು ಕಲೆಯಾಗಿಯೇ ಬೆಳೆದಿದೆ. ಮರಾಠಿಯ ಗೋಧಡಿ, ಬಂಗಾಳದ ಕಾಂಥಾ ಇದರ ಅಕ್ಕತಂಗಿಯರು. ಉಟ್ಟು ಸವೆದ ಸೀರೆ, ಹರಿದ ಧೋತರ, ಮಕ್ಕಳ ಅಂಗಿಯ ತುಂಡು ಇವನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ಚಿಂದಿಗಳನ್ನು ಜೋಡಿಸಿ, ಒತ್ತೊತ್ತಾಗಿ ಸಾಲು ಹೊಲಿಗೆ ಹಾಕುತ್ತಾರೆ. ಸುಗ್ಗಿಯ ಕೆಲಸ ಮುಗಿದ ಮೇಲೆ ನೆರೆಹೊರೆಯ ನಾಲ್ಕಾರು ಹೆಂಗಸರು ಒಂದೆಡೆ ಕೂತು, ಕಷ್ಟಸುಖ ಮಾತಾಡುತ್ತ ಹೊಲಿಯುವುದು ರೂಢಿ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಹೆಂಗಸರ ಕೌದಿಗಳಂತೂ ಈಚೆಗೆ ಹೊರದೇಶಗಳಲ್ಲಿಯೂ ಪ್ರಸಿದ್ಧಿಗೆ ಬಂದಿವೆ. ಅಂಚಿನಿಂದ ಹೊರಟ ಅವರ ಹೊಲಿಗೆ ಸುತ್ತು ಸುತ್ತಾಗಿ ಒಳಗೆ ಸಾಗಿ ನಡುವಿಗೆ ಬಂದು ನಿಲ್ಲುತ್ತದೆ. ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮಡಿಸಿ ಮಾಡಿದ ‘ಫುಲ’ ಎಂಬ ಹೂವನ್ನು ಇಡದಿದ್ದರೆ ಕೌದಿ ಬೆತ್ತಲೆಯಾಯಿತೆಂದೇ ಅವರ ಭಾವನೆ. ಹೊದಿಕೆಗೂ ಒಂದು ಮಾನವುಂಟು ಎಂಬ ಈ ತಿಳಿವಳಿಕೆ ಗಮನಿಸತಕ್ಕದ್ದು.

ಇನ್ನು ಸಿಪಾಯಿಯ ಬಟ್ಟೆಯ ಮಾತು. ಈ ವಿಷಯದಲ್ಲಿ ನಮ್ಮ ಕರಾವಳಿಗೆ ಒಂದು ದೊಡ್ಡ ಸ್ಥಾನವೇ ಇದೆ. ಖಾಕಿಯೆಂದರೆ ಪಾರಸಿಯಲ್ಲಿ ಮಣ್ಣಿನ ಬಣ್ಣದ್ದು, ಧೂಳಿನಂಥದು. ವಾಯವ್ಯ ಗಡಿಯಲ್ಲಿ ಲಮ್ಸ್‌ಡನ್ ಎಂಬ ಅಧಿಕಾರಿ 1840ರ ದಶಕದ ಕೊನೆಗೆ ತನ್ನ ಪಡೆಗೆ ಈ ಬಣ್ಣವನ್ನು ತೊಡಿಸಿದನು. ಆದರೆ ಅದನ್ನು ನೇಯ್ಗೆಯ ಬಟ್ಟೆಗೆ ಗಟ್ಟಿಯಾಗಿ ಕೂರಿಸಿದ ಕೀರ್ತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ನಿನ ನೇಯ್ಗೆ ಕಾರ್ಖಾನೆಗೂ, ಅದನ್ನು ನಡೆಸಲು 1851ರಲ್ಲಿ ಬಂದ ಜಾನ್ ಹಾಲರ್ ಎಂಬ ಜರ್ಮನ್ ನೇಕಾರನಿಗೂ ಸಲ್ಲಿಸುವುದು ವಾಡಿಕೆ. ಲಾರ್ಡ್ ರಾಬರ್ಟ್ಸ್ ಎಂಬ ಸೇನಾಪತಿ ಈ ಬಟ್ಟೆಯನ್ನು ಮೆಚ್ಚಿ ಸೈನ್ಯಕ್ಕೆ ತೆಗೆದುಕೊಂಡನೆಂಬ ಪ್ರತೀತಿ ಮಂಗಳೂರಿನಲ್ಲಿ ಇಂದಿಗೂ ಇದೆ. ಅದೇ ಮಿಶನ್ನಿನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದು ಬರಹದ ಜೊತೆಗೆ ಹೊಲಿಗೆ ಹೆಣಿಗೆಗಳನ್ನೂ ಕಲಿಸಿದರು. ಘಟ್ಟದ ಮೇಲೆ ಬೆಂಗಳೂರಿನಲ್ಲಿ 1884ರಲ್ಲಿ ಸ್ಥಾಪಿತವಾಗಿ ಮುಂದೆ ಬಿನ್ನಿ ಮಿಲ್ಲೆಂದು ಹೆಸರಾದ ಕಾರ್ಖಾನೆ ಸೈನ್ಯಕ್ಕೆ ಕಂಬಳಿಗಳನ್ನೂ ಖಾಕಿ ಬಟ್ಟೆಯನ್ನೂ ಒದಗಿಸಿತು. ಅಂತೂ ದೇಶದ ಸಿಪಾಯಿಯ ಮೈಮುಚ್ಚಿದ ಬಟ್ಟೆಯಲ್ಲಿ ಕನ್ನಡನಾಡಿನ ನೂಲು ಬಹಳಷ್ಟಿದೆ.

ಆದರೆ ಕಾರ್ಖಾನೆಯ ಬಟ್ಟೆ ಎಲ್ಲ ಕಾಲಕ್ಕೂ ಸಾಲಲಿಲ್ಲ. 1914ರ ಸೆಪ್ಟೆಂಬರಿನಲ್ಲಿ ಹಿಂದೂಸ್ಥಾನದ ಸೈನ್ಯ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯಿತು. ಯೂರೋಪಿನ ಚಳಿಗಾಲ ಬಾಗಿಲಲ್ಲಿ ನಿಂತಿದ್ದರೂ ಸಿಪಾಯಿಗಳ ಮೈಮೇಲೆ ಇದ್ದುದು ಹತ್ತಿಯ ಖಾಕಿ. ಬೆಚ್ಚನೆಯ ಬಟ್ಟೆಗಾಗಿ ಲಂಡನ್ನಿನಲ್ಲಿ ಭಾರತೀಯ ಸೈನಿಕರ ನಿಧಿಯೊಂದು ಏರ್ಪಟ್ಟಿತು. ಇತ್ತ ಮುಂಬಯಿಯಲ್ಲಿ ಗವರ್ನರರ ಪತ್ನಿ ಲೇಡಿ ವಿಲಿಂಗ್ಡನ್ನರ ಮುಂದಾಳುತನದಲ್ಲಿ ಯುದ್ಧನಿಧಿಯ ಮಹಿಳಾ ಶಾಖೆ ಹುಟ್ಟಿತು. ಹೆಂಗಸರು ಗುಂಪುಗೂಡಿ ಸಿಪಾಯಿಗಳಿಗಾಗಿ ಬಟ್ಟೆ ಹೊಲಿದರು. ಆಗ ದಕ್ಷಿಣ ಕನ್ನಡ ಜಿಲ್ಲೆ ಸೇರಿದ್ದ ಮದರಾಸು ಪ್ರಾಂತ ಚಂದಾ ಎತ್ತಿ, ‘ಮದರಾಸು’ ಎಂಬ ಹೆಸರಿನ ಆಸ್ಪತ್ರೆ ಹಡಗನ್ನೇ ಸಜ್ಜುಗೊಳಿಸಿ ಕಳುಹಿಸಿತು. ಮೈಸೂರಿನ ಅಶ್ವದಳ ಕಡಲಾಚೆ ಹೋಗಿ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ವಿಜಯದಲ್ಲಿ ಭಾಗಿಯಾಯಿತು.

ಇಲ್ಲಿ ವಾಚಕರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಆ ಸಿಪಾಯಿ ಯಾರ ಸಿಪಾಯಿ? ಪರರ ಆಳಿಕೆಯಲ್ಲಿ, ಪರರ ಯುದ್ಧದಲ್ಲಿ ಕಾದಿದವನಿಗೆ ಊರಿನ ತಾಯಂದಿರು ಯಾವ ಮನಸ್ಸಿನಿಂದ ಹೊಲಿಯಬೇಕು? ಅಂದಿನ ಹೊಲಿಗೆಯ ಕೂಟಗಳು ಬಹುಮಟ್ಟಿಗೆ ಅಧಿಕಾರಿಗಳ, ಶ್ರೀಮಂತರ ಮನೆಗಳ ಸುತ್ತ ನಡೆದುವು. ಸಾಮಾನ್ಯ ಮನೆತನಗಳ ಹೆಣ್ಣುಮಕ್ಕಳನ್ನು ಸೇವೆಗೆ ಕರೆದ ಕೂಗು ಬೇರೆ ದಿಕ್ಕಿನಿಂದ ಬಂತು. ಮಂಗಳೂರಿನಲ್ಲಿ ಹುಟ್ಟಿದ ಉಮಾಬಾಯಿ ಕುಂದಾಪುರ ಅವರು ಹುಬ್ಬಳ್ಳಿಯಲ್ಲಿ ಭಗಿನೀ ಮಂಡಲವನ್ನು ನಡೆಸಿ, ಡಾಕ್ಟರ್ ಹರ್ಡೀಕರರ ಹಿಂದೂಸ್ಥಾನಿ ಸೇವಾದಳದ ಮಹಿಳಾ ವಿಭಾಗವನ್ನು ಕಟ್ಟಿ, 1924ರ ಬೆಳಗಾವಿ ಕಾಂಗ್ರೆಸ್ಸಿಗೆ ಸ್ವಯಂಸೇವಕಿಯರನ್ನು ಸಜ್ಜುಗೊಳಿಸಿದರು. ಹೆಣ್ಣುಮಕ್ಕಳ ಕೈಗೆ ಆಗ ಬಂದುದು ಚರಕ; ಅವರು ನೂತ ನೂಲು ಖಾದಿಯಾಯಿತು.

ಎರಡನೆಯ ಮಹಾಯುದ್ಧದಲ್ಲಿ ಈ ಇಬ್ಬಂದಿ ಇನ್ನೂ ತೀವ್ರವಾಯಿತು. ಭಾರತೀಯ ಸೈನ್ಯದಲ್ಲಿ ಇಪ್ಪತ್ತೈದು ಲಕ್ಷ ಮಂದಿ ಸೇರಿದ್ದರು. ಅವರಲ್ಲಿ ಕೊಡಗಿನವರೂ, ಮೈಸೂರಿನವರೂ, ಕರಾವಳಿಯವರೂ ಇದ್ದರು. ಅದೇ ಕಾಲಕ್ಕೆ 1942ರ ಚಳವಳಿಯಲ್ಲಿ ದೇಶದ ಮುಖಂಡರು ಸೆರೆಮನೆಯಲ್ಲಿದ್ದರು. ಒಂದೇ ಮನೆಯ ಒಬ್ಬ ಮಗ ಬರ್ಮಾದ ಕಾಡಿನಲ್ಲಿ, ಇನ್ನೊಬ್ಬ ಮಗ ಜೈಲಿನಲ್ಲಿ ಎಂಬ ಸ್ಥಿತಿ ಅಸಂಭವವೇನೂ ಆಗಿರಲಿಲ್ಲ. ಅಂಥ ತಾಯಿ ಯಾರಿಗೆಂದು ಹೊಲಿಯಬೇಕು? ಯುದ್ಧ ಮುಗಿದು ಸಿಪಾಯಿಗಳು ಊರಿಗೆ ಮರಳಿದಾಗ ಅವರನ್ನು ಎದುರುಗೊಳ್ಳುವ ಉತ್ಸಾಹ ಊರಿನಲ್ಲಿ ಕಾಣದಿದ್ದುದಕ್ಕೆ ಈ ಇಬ್ಬಂದಿಯೂ ಒಂದು ಕಾರಣವೆಂದು ನನ್ನ ತಿಳಿವಳಿಕೆ.

ಸ್ವಾತಂತ್ರ್ಯ ಬಂದ ಮೇಲೆ ಈ ಪ್ರಶ್ನೆ ತಾನಾಗಿ ಪರಿಹಾರವಾಯಿತು. 1949ರಿಂದ ಪ್ರತಿ ಡಿಸೆಂಬರ್ 7ನ್ನು ಸಶಸ್ತ್ರ ಪಡೆಗಳ ಧ್ವಜ ದಿನವೆಂದು ಆಚರಿಸಿ, ಪುಟ್ಟ ಬಾವುಟಗಳನ್ನು ಹಂಚಿ, ಮಾಜಿ ಸೈನಿಕರ ಹಾಗೂ ಮಡಿದವರ ಕುಟುಂಬಗಳ ಕ್ಷೇಮಕ್ಕೆ ಹಣ ಕೂಡಿಸುವ ಪದ್ಧತಿ ನಡೆದುಬಂದಿದೆ. ಹಳ್ಳಿ ಪಟ್ಟಣಗಳಲ್ಲಿ ಮಹಿಳಾ ಸಮಾಜಗಳು ತಲೆಯೆತ್ತಿದುವು. 1953ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಹುಟ್ಟಿದ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯ ನೆರವಿನಿಂದ ಹೊಲಿಗೆಯ ತರಗತಿಗಳು ನಡೆದುವು. ಇವು ಹೆಂಗಸರಿಗೆ ನಾಲ್ಕು ಕಾಸಿನ ಸಂಪಾದನೆಯಾಗಲೆಂದು ತೆರೆದವು, ಯುದ್ಧಕ್ಕಾಗಿ ಅಲ್ಲ.

ಯುದ್ಧ ಬಂದೇ ಬಂತು. 1962ರ ಅಕ್ಟೋಬರ್ 20ರಂದು ಚೀನೀಯರು ನಮ್ಮ ಈಶಾನ್ಯ ಗಡಿಯ ನಾಮ್ಕಾ ಚು ನದಿಯ ದಂಡೆಯಲ್ಲೂ ಲಡಾಖಿನಲ್ಲೂ ಏರಿ ಬಂದಾಗ, ಹತ್ತು ಸಾವಿರ ಅಡಿಗಳಿಗೂ ಎತ್ತರದ ಹಿಮದಲ್ಲಿ ನಿಂತ ನಮ್ಮ ಜವಾನರಲ್ಲಿ ಅನೇಕರ ಮೈಮೇಲೆ ಇದ್ದುದು ಬಯಲುಸೀಮೆಯ ಹತ್ತಿಯ ಉಡುಪು, ಕಾಲಲ್ಲಿದ್ದುದು ಕ್ಯಾನ್ವಾಸಿನ ಬೂಟು. ಫ್ರಾನ್ಸಿನಲ್ಲಿ ಕಂಡ ಚಳಿಯೇ ನಲವತ್ತೆಂಟು ವರ್ಷಗಳ ಮೇಲೆ ಹಿಮಾಲಯದಲ್ಲಿ ಎದುರಾಯಿತು. ಪಾಠ ಮಾತ್ರ ಯಾರಿಗೂ ನೆನಪಿರಲಿಲ್ಲ. ಆಗ ನಡೆದುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ರಾಷ್ಟ್ರ ರಕ್ಷಣಾ ನಿಧಿಗೆ ಹೆಂಗಸರು ಕೈಬಳೆ ಕೊರಳ ಸರಗಳನ್ನು ಬಿಚ್ಚಿ ಕೊಟ್ಟರು. ಶಾಲೆಯ ಹುಡುಗಿಯರಿಂದ ಮುದುಕಿಯರವರೆಗೆ ಸ್ವೆಟರು, ಕಾಲುಚೀಲ, ಮಫ್ಲರುಗಳನ್ನು ಹೆಣೆದು ಕಳುಹಿಸಿದರು. ಉಣ್ಣೆಯ ಅಂಗಿಯ ಅಗತ್ಯವನ್ನೇ ಕಾಣದ ಊರುಗಳಲ್ಲಿಯೂ ಹೆಣಿಗೆಯ ಕಡ್ಡಿಗಳು ಆಡಿದುವು. ಇವನು ನಮ್ಮವನು ಎಂಬ ಒಂದೇ ಭಾವನೆ ಸಾಮಾನ್ಯರ ಮನೆಯ ಕೈಗಳನ್ನು ಇಷ್ಟು ದೊಡ್ಡ ಸಂಖ್ಯೆಯಲ್ಲಿ ದುಡಿಸಿದುದು ಆಗಲೇ.

ಆದರೆ ನವೆಂಬರ್ 21ಕ್ಕೆ ಕದನ ನಿಂತಿತು; ಕೆಲವು ತಿಂಗಳುಗಳಲ್ಲಿ ಹೆಣಿಗೆಯೂ ನಿಂತಿತು. ಸ್ವೆಟರು ಹೋದದ್ದು ಕಾದುವ ಸೈನಿಕನಿಗೆ. ಹಿಮಕ್ಕೆ ಬೆರಳುಗಳನ್ನು ತೆತ್ತು, ಕಾಲು ಕಳೆದುಕೊಂಡು, ಸೆರೆಯಲ್ಲಿದ್ದು ಮನೆಗೆ ಬಂದವನಿಗೆ ಏನು ಹೋಯಿತು? ಇಲ್ಲಿಂದ ಮುಂದಿನ ವಿಚಾರಕ್ಕೆ ಹೊರದೇಶಗಳ ಉದಾಹರಣೆಯೊಂದೆರಡನ್ನು ನೋಡುವುದು ಉಪಯುಕ್ತ.

ಅಮೆರಿಕೆಯ ಅಂತರ್ಯುದ್ಧದ ಕಾಲದಲ್ಲಿ, 1861ರ ಹೊತ್ತಿಗೆ, ಉತ್ತರದ ಸಂಸ್ಥಾನಗಳ ಹೆಂಗಸರು ಊರೂರಿನಲ್ಲಿ ಸೈನಿಕ ಸಹಾಯ ಸಂಘಗಳನ್ನು ಕಟ್ಟಿಕೊಂಡು ಕೌದಿಗಳನ್ನು ಹೊಲಿದರು. ಸಿಪಾಯಿಯ ಮಂಚ ಕಿರಿದು. ಮನೆಯ ಎರಡು ಕೌದಿಗಳನ್ನು ಕತ್ತರಿಸಿ ಅಂಥ ಮೂರನ್ನು ಮಾಡಿದವರೂ ಉಂಟು. ಹೀಗೆ ಹಂಚಿದ ಹೊದಿಕೆಗಳು ಎರಡೂವರೆ ಲಕ್ಷಕ್ಕೂ ಹೆಚ್ಚೆಂದು ಅಂದಾಜು; ಉಳಿದುಬಂದವು ಬೆರಳೆಣಿಕೆಯಷ್ಟು. ಮಿಕ್ಕುವು ಸಿಪಾಯಿಯ ಮೈಮೇಲೆಯೇ ಸವೆದುವು. ಎರಡನೆಯ ಮಹಾಯುದ್ಧದಲ್ಲಿ ಕೆನಡಾದ ಹೆಂಗಸರು ರೆಡ್‌ಕ್ರಾಸಿನ ಮೂಲಕ ಇಂಗ್ಲೆಂಡಿಗೆ ಕೌದಿಗಳನ್ನು ಲಕ್ಷಗಟ್ಟಲೆ ಕಳುಹಿಸಿದರು.

ಸಿಪಾಯಿಗಳೇ ಸೂಜಿ ಹಿಡಿದುದೂ ಉಂಟು. ಕ್ರೈಮಿಯಾ ಯುದ್ಧದಲ್ಲಿ ತಲೆಗೆ ಗಾಯವಾದ ಥಾಮಸ್ ವಾಕರ್ ಎಂಬ ಸಿಪಾಯಿ ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ಸಮವಸ್ತ್ರದ ತುಂಡುಗಳಿಂದ ಕೌದಿ ಹೊಲಿಯುತ್ತಿರುವ ಚಿತ್ರವನ್ನು ಥಾಮಸ್ ವುಡ್ 1856ರಲ್ಲಿ ಬರೆದನು. ನಮ್ಮ ದೇಶದಲ್ಲಿ ಬೀಡುಬಿಟ್ಟಿದ್ದ ಫ್ರಾನ್ಸಿಸ್ ಬ್ರೇಲಿ ಎಂಬ ಬ್ರಿಟಿಷ್ ಸಿಪಾಯಿ 1864ರಿಂದ 1877ರ ನಡುವೆ ಹೊಲಿದ ಹೊದಿಕೆ ಲಂಡನ್ನಿನ ವಿಕ್ಟೋರಿಯಾ ಅಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸಿಪಾಯಿಗಳು ಕುಡಿತ ಜೂಜುಗಳಿಂದ ದೂರವಿರಲೆಂದು ಮೇಲಿನವರು ಈ ಹವ್ಯಾಸಕ್ಕೆ ಪ್ರೋತ್ಸಾಹ ಕೊಟ್ಟಿದ್ದರು. ಒಡೆದ ಮನಸ್ಸನ್ನು ಕೂಡಿಸುವ ಶಕ್ತಿ ಸೂಜಿಗೆ ಇದೆಯೆಂಬುದನ್ನು ವೈದ್ಯರಿಗಿಂತ ಮೊದಲು ಗಾಯಾಳುಗಳು ಕಂಡುಕೊಂಡರೆನ್ನಬೇಕು.

ಇಪ್ಪತ್ತೊಂದನೆಯ ಶತಮಾನದಲ್ಲಿ ಈ ಕೆಲಸ ಹೊಸ ತಿರುವು ಪಡೆಯಿತು. ಮಗನನ್ನು ಇರಾಕಿನ ಯುದ್ಧಕ್ಕೆ ಕಳುಹಿಸಿ ನಿದ್ದೆಗೆಟ್ಟಿದ್ದ ಕ್ಯಾಥರಿನ್ ರಾಬರ್ಟ್ಸ್ ಎಂಬ ಅಮೆರಿಕೆಯ ತಾಯಿಗೆ 2003ರಲ್ಲಿ ಒಂದು ಕನಸು ಬಿತ್ತಂತೆ. ಯುವಕನೊಬ್ಬ ನಡುರಾತ್ರಿ ಮಂಚದ ಅಂಚಿನಲ್ಲಿ ಕುಗ್ಗಿ ಕೂತಿದ್ದಾನೆ. ಮರುಗಳಿಗೆಯಲ್ಲಿ ಅವನ ಮೈಮೇಲೊಂದು ಕೌದಿ, ಮುಖದಲ್ಲಿ ನೆಮ್ಮದಿ. ಆ ತಾಯಿ ಹುಟ್ಟುಹಾಕಿದ ಸಂಸ್ಥೆಯ ಸ್ವಯಂಸೇವಕರು ಅಲ್ಲಲ್ಲಿ ಗುಂಪುಗೂಡಿ, ಯುದ್ಧದಿಂದ ಮರಳಿದವರಿಗಾಗಿ ಹೊಲಿದು ಕೊಟ್ಟ ಕೌದಿಗಳು ಮೂರು ಲಕ್ಷವನ್ನು ಮೀರಿವೆ. ಕೊಡುವ ಕ್ರಮವೂ ವಿಶಿಷ್ಟವಾದುದು. ಪೊಟ್ಟಣ ಕಟ್ಟಿ ಕೈಗಿಡುವುದಿಲ್ಲ. ಹತ್ತು ಜನರೆದುರಿಗೆ ಹೆಗಲಿಗೆ ಹೊದಿಸುತ್ತಾರೆ. ಹೊಲಿದವರ ಹೆಸರು, ಪಡೆದವನ ಹೆಸರು ಎರಡನ್ನೂ ಬಟ್ಟೆಯ ಹಿಂದೆ ಬರೆದಿರುತ್ತಾರೆ. ಐವತ್ತು ವರ್ಷಗಳ ಹಿಂದಿನ ವಿಯೆಟ್ನಾಮ್ ಯುದ್ಧದಲ್ಲಿ ಕಾದಿ, ಊರಿಗೆ ಬಂದಾಗ ನಿಂದೆಯನ್ನು ಉಂಡಿದ್ದ ಮುದುಕರಿಗೂ ಇದು ಸಂದಿದೆ. ಅವರಿಗೆ ಬೇಕಾದುದು ಮೈಯ ಬಿಸುಪಲ್ಲ. ನೀನು ಬಂದೆ, ನಾವು ಕಂಡೆವು ಎಂಬ ಮಾತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೌದಿ ಪಿಂಚಣಿಯ ಬದಲಿಯಲ್ಲ. ಅಂಗವಿಕಲ ಸೈನಿಕನಿಗೆ ಬದುಕುವ ಕಸುಬು ಬೇಕೆಂಬ ಅರಿವು ನಮ್ಮಲ್ಲಿ ಹಳೆಯದು. ಪುಣೆಯ ಬಳಿ ಕಿರ್ಕಿಯ ಕ್ವೀನ್ ಮೇರಿ ತಾಂತ್ರಿಕ ಶಾಲೆ 1917ರಲ್ಲಿಯೇ ಆರಂಭವಾಯಿತು. ಆದರೂ ಸಮಾನ ಹುದ್ದೆಗೆ ಸಮಾನ ಪಿಂಚಣಿ ಎಂಬ ಬೇಡಿಕೆಗಾಗಿ 2015ರಲ್ಲಿ ನಮ್ಮ ಮುಪ್ಪಿನ ಯೋಧರು ಪದಕಗಳನ್ನು ಧರಿಸಿ ದಿಲ್ಲಿಯ ಬೀದಿಯಲ್ಲಿ ಕೂರಬೇಕಾಯಿತು. ಸರಕಾರ ಕೊಡಬೇಕಾದುದನ್ನು ಸರಕಾರವೇ ಕೊಡಬೇಕು. ಅದು ದಾನವಲ್ಲ, ಋಣ. ಹೆಂಗಸರ ಹೊಲಿಗೆಯನ್ನು ಹಾಡಿ ಹೊಗಳಿ ಆ ಋಣವನ್ನು ಮರೆಸುವುದು ಯಾವ ದೇಶಕ್ಕೂ ಶೋಭಿಸದು. 1914ರಲ್ಲೂ 1962ರಲ್ಲೂ ತಾಯಂದಿರು ಹೆಣೆಯಬೇಕಾಗಿ ಬಂದುದು ಅಧಿಕಾರದಲ್ಲಿದ್ದವರು ಚಳಿಯ ಲೆಕ್ಕವನ್ನು ತಪ್ಪಿದುದರಿಂದ ಎಂಬುದನ್ನು ಮರೆಯಬಾರದು.

ಆದರೆ ಸರಕಾರ ಎಷ್ಟು ಕೊಟ್ಟರೂ ಊರು ಕೊಡಬೇಕಾದುದು ಬೇರೆ ಉಳಿದೇ ಇರುತ್ತದೆ. ನಿವೃತ್ತನಾಗಿ ಬಂದ ಹವಾಲ್ದಾರನೋ ನಾಯಕನೋ ನಮ್ಮ ಪೇಟೆಗಳಲ್ಲಿ ಬ್ಯಾಂಕಿನ ಬಾಗಿಲು ಕಾಯುತ್ತಾನೆ, ಇಲ್ಲವೇ ತೋಟ ನೋಡಿಕೊಂಡು ಇರುತ್ತಾನೆ. ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಒಂದು ಶಾಲು, ಒಂದು ಹಾರ ಅವನಿಗೆ ಸಂದರೂ ಸಂದೀತು. ಆ ಶಾಲು ಅಂಗಡಿಯದು. ಮರುದಿನ ಅದು ಪೆಟ್ಟಿಗೆಯ ತಳ ಸೇರುತ್ತದೆ. ಕೌದಿಯ ಗತಿ ಹಾಗಲ್ಲ. ಅದರಲ್ಲಿ ನಾಲ್ಕಾರು ಮನೆಗಳ ಸೀರೆಯ ತುಂಡು ಇರುತ್ತದೆ, ನಾಲ್ಕಾರು ಮಧ್ಯಾಹ್ನಗಳ ಹೊತ್ತು ಇರುತ್ತದೆ. ಅದನ್ನು ದಿನವೂ ಹೊದೆಯಬಹುದು.

ಕೌದಿ ಹೊಲಿಯುವ ಕೈಗಳು ಕನ್ನಡನಾಡಿನಲ್ಲಿ ಇನ್ನೂ ಇವೆ. ಹಳೆಯ ಸೀರೆಗಳಿಗಂತೂ ಯಾವ ಮನೆಯಲ್ಲೂ ಬರವಿಲ್ಲ. ಮಹಿಳಾ ಮಂಡಲಗಳು, ಸ್ವಸಹಾಯ ಸಂಘಗಳು ಊರೂರಿನಲ್ಲಿವೆ. ಅಲ್ಲಿ ವಾರಕ್ಕೊಮ್ಮೆ ಜನ ಸೇರಿಯೇ ಸೇರುತ್ತಾರೆ. ಡಿಸೆಂಬರ್ 7ಕ್ಕೆ ಬಾವುಟದ ಡಬ್ಬಿಗೆ ನಾಣ್ಯ ಹಾಕುವುದರ ಜೊತೆಗೆ, ಆ ದಿನದೊಳಗೆ ತಮ್ಮ ಊರಿನ ಒಬ್ಬ ಮಾಜಿ ಸೈನಿಕನಿಗೆ, ಇಲ್ಲವೇ ಮಡಿದವನ ಮನೆಯ ಹಿರಿಯಳಿಗೆ, ಒಂದು ಕೌದಿಯನ್ನು ಹೊಲಿದು ಮುಗಿಸುತ್ತೇವೆಂದು ಒಂದು ಊರು ಮನಸ್ಸು ಮಾಡಿದರೆ ಅದಕ್ಕೆ ಹಣವೂ ಬೇಡ, ಸರಕಾರದ ಅಪ್ಪಣೆಯೂ ಬೇಡ. ಮಳೆಗಾಲದ ಮಧ್ಯಾಹ್ನಗಳು ಉದ್ದವಾಗಿರುವ ಘಟ್ಟದ ಬುಡದ ಊರುಗಳಿಂದಲೇ ಈ ಕೆಲಸ ತೊಡಗಬಹುದು. ಆಟಿಯಲ್ಲಿ ಹಿಡಿದರೆ ಡಿಸೆಂಬರಿನ ಹೊತ್ತಿಗೆ ಕೌದಿ ಸಿದ್ಧವಾಗುತ್ತದೆ.