ನೆರೆ ಇಳಿದ ಮೇಲೆ ಕುಸಿಯುವ ಮನೆಗಳು: ಕಂಪ್ಲಿ ಭಾಗದ ಒಂದು ಟಿಪ್ಪಣಿ

ಹೊಸಪೇಟೆಯ ತುಂಗಭದ್ರಾ ಜಲಾಶಯದಿಂದ ನದಿಗೆ ಬಿಡುವ ನೀರು ಲಕ್ಷ ಕ್ಯೂಸೆಕ್ ದಾಟಿ ಏರುತ್ತ ಹೋದರೆ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿ–ಗಂಗಾವತಿ ಸೇತುವೆಯ ಮೇಲೆ ಸಂಚಾರ ನಿಲ್ಲುತ್ತದೆ, ಕಂಪ್ಲಿ ಕೋಟೆಯ ಮೀನುಗಾರರ ಮನೆಗಳಿಗೆ ನೀರು ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ಆದದ್ದು ಇದೇ. ನೀರು ಇಳಿದ ಮೇಲೆ ಆ ಮನೆಗಳಿಗೆ ಏನಾಗುತ್ತದೆ ಎಂಬುದು ಈ ಟಿಪ್ಪಣಿಯ ವಿಷಯ.

ಈ ಭಾಗದ ಹಳೆಯ ಮಾಳಿಗೆ ಮನೆಗೆ ಕಲ್ಲು–ಮಣ್ಣಿನ ಗೋಡೆ. ಮೇಲೆ ತೊಲೆ, ಜಂತಿ, ಅದರ ಮೇಲೆ ಹಾಸಿದ ಮಣ್ಣು. ನೀರು ನಿಂತ ಕೂಡಲೇ ಗೋಡೆ ಬೀಳಬೇಕೆಂದಿಲ್ಲ. ಕಲ್ಲುಗಳ ಸಂದಿನ ಮಣ್ಣು ನೆನೆದು ಸಡಿಲಾಗುತ್ತದೆ. ತೇವದೊಡನೆ ಮೇಲೇರಿದ ಉಪ್ಪು ಒಣಗುವಾಗ ಗಿಲಾವನ್ನು ಉದುರಿಸುತ್ತದೆ. ಮುಂದಿನ ಮಳೆಗಾಲಗಳಲ್ಲಿ ಗೋಡೆ ಉಬ್ಬಿ, ತೊಲೆಯ ತುದಿ ಕೊಳೆತು, ಮಾಳಿಗೆ ಜಗ್ಗುತ್ತದೆ.

ಪರಿಹಾರದ ಲೆಕ್ಕ ಮಾತ್ರ ಇಷ್ಟು ನಿಧಾನದ್ದಲ್ಲ. 2019ರ ನೆರೆಯ ನಂತರ ರಾಜ್ಯ ಸರ್ಕಾರ ಹಾನಿಗೊಂಡ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅಲ್ಪ ಹಾನಿಯಾದದ್ದಕ್ಕೆ 50 ಸಾವಿರ. ಸಮೀಕ್ಷೆಯ ದಿನ ಬಿರುಕಷ್ಟೇ ಕಂಡ ಮನೆ ಮೂರು ಮಳೆಗಾಲದ ಮೇಲೆ ಕುಸಿದರೆ ಅದನ್ನು ಹಳೆಯ ನೆರೆಯ ಖಾತೆಗೆ ಸೇರಿಸುವುದು ಕಷ್ಟ.

ಹಾಗಾದರೆ ಊರನ್ನೇ ಸ್ಥಳಾಂತರಿಸಿದರೆ? 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಹಾನೆರೆಯ ಬಳಿಕ ಉತ್ತರ ಕರ್ನಾಟಕದಲ್ಲಿ ದಾನಿಗಳ ನೆರವಿನಿಂದ ‘ಆಸರೆ’ ಮನೆಗಳು ಎದ್ದವು. ಹಲವೆಡೆ ಅವು ಖಾಲಿ ಉಳಿದವು: ಹೊಲ ದೂರ, ಹಕ್ಕುಪತ್ರ ಕೈಸೇರಲಿಲ್ಲ, ಒಂದು ಮನೆ ಪಡೆದ ಕುಟುಂಬದ ಮಕ್ಕಳು ಬೇರೆಯಾದಾಗ ಜಾಗ ಸಾಲಲಿಲ್ಲ. ಎರೆ ಭೂಮಿಯ ತೊಂದರೆಯೂ ಇದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನಲ್ಲಿ ಅಡಿಪಾಯ ಆಳಕ್ಕೆ ಹೋಗದಿದ್ದರೆ ಹೊಸ ಗೋಡೆಯೂ ಸೀಳುತ್ತದೆ. ಮೀನುಗಾರನ ಕಷ್ಟ ಇನ್ನೊಂದು ಬಗೆಯದು: ಹರಿಗೋಲು, ಬಲೆ ಹೊಳೆದಂಡೆಯಲ್ಲೇ ಇರಬೇಕು.

ಆದ್ದರಿಂದ ಶಿಥಿಲ ಮನೆಯಲ್ಲಿ ಉಳಿಯುವುದನ್ನು ಜನರ ಹಠ ಅಥವಾ ಮೋಹ ಎನ್ನುವ ವಿವರಣೆ ನಿಲ್ಲುವುದಿಲ್ಲ. ದುಡಿಮೆ, ದಾಖಲೆ, ಮಣ್ಣು ಈ ಮೂರೂ ಅವರನ್ನು ಅಲ್ಲಿ ಹಿಡಿದಿಟ್ಟಿವೆ. ನೆರೆಗೆ ಒಮ್ಮೆ ಸಿಕ್ಕ ಮನೆಗಳನ್ನು ಪುರಸಭೆ, ಪಂಚಾಯಿತಿಗಳು ಪ್ರತಿ ಮುಂಗಾರಿಗೆ ಮೊದಲು ಪರೀಕ್ಷಿಸಿ, ಗೋಡೆ–ಮಾಳಿಗೆಯ ಸ್ಥಿತಿಯನ್ನು ಆಸ್ತಿ ದಾಖಲೆಯಲ್ಲೇ ಬರೆಯಬೇಕು. ಆ ಬರಹವಿದ್ದರೆ ತಡವಾಗಿ ಬಿದ್ದ ಗೋಡೆಗೂ ಪರಿಹಾರ ಕೇಳಲು ಆಧಾರ ಸಿಗುತ್ತದೆ.