ಗುಡುಗಿನ ಮಳೆ, ಕೆರೆಯ ನೀರು

ನಮ್ಮ ಕಡೂರು ಸೀಮೆಯಲ್ಲಿ ಇಬ್ಬರು ಎದುರಾದರೆ ಮೊದಲು ಕೇಳುವುದು "ನಿಮ್ಕಡೆ ಮಳೆ ಆಯ್ತಾ?" ಎಂದು. ಮನೆಮಂದಿಯ ಕ್ಷೇಮ ಆಮೇಲೆ. ಒಂದೇ ಹೋಬಳಿಯವರು ಹೀಗೆ ಕೇಳಿಕೊಳ್ಳುವುದು ಮಲೆನಾಡಿನವರಿಗೆ ವಿಚಿತ್ರವಾಗಿ ತೋರೀತು. ಅಲ್ಲಿ ಮಳೆ ಹಿಡಿದರೆ ಸೀಮೆಗೆಲ್ಲ ಹಿಡಿಯುತ್ತದೆ. ನಮ್ಮಲ್ಲಿ ರಸ್ತೆಯ ಆಚೆಯ ಹೊಲ ತೊಯ್ದು ಕೆಸರಾಗಿರುತ್ತದೆ, ಈಚೆಯ ಹೊಲದಲ್ಲಿ ಧೂಳು ಏಳುತ್ತಿರುತ್ತದೆ.

ಇದಕ್ಕೆ ಕಾರಣ ಪಡುವಣಕ್ಕೆ ಕಾಣುವ ಬೆಟ್ಟಸಾಲು. ಕಡೂರು ಇರುವುದು ಸುಮಾರು 760 ಮೀಟರ್ ಎತ್ತರದಲ್ಲಿ. ಬಾಬಾಬುಡನ್‌ಗಿರಿ ಸಾಲಿನ ಮುಳ್ಳಯ್ಯನಗಿರಿ 1,930 ಮೀಟರ್. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುವ ಮುಂಗಾರು ಮಾರುತ, ಬೆಟ್ಟ ದಾಟಿ ನಮ್ಮ ಕಡೆ ಇಳಿಯುವಾಗ ಬರಿಗೈಯಾಗಿರುತ್ತದೆ. ಆಷಾಢದ ಗಾಳಿಯಷ್ಟೇ ನಮ್ಮ ಪಾಲು, ಹೆಚ್ಚೆಂದರೆ ಒಂದಿಷ್ಟು ಜಡಿ. ವರ್ಷಕ್ಕೆ ಸಿಗುವುದು 600 ಮಿಲಿಮೀಟರಿನ ಆಸುಪಾಸು. ಅದರಲ್ಲಿ ನಾವು ನೆಚ್ಚುವುದು ಗುಡುಗಿನ ಮಳೆಗಳನ್ನು: ಬೇಸಗೆಯ ಕೊನೆಗೆ ಅಶ್ವಿನಿ, ಭರಣಿ, ಕೃತ್ತಿಕೆ, ಹಿಂಗಾರಿನಲ್ಲಿ ಉತ್ತರೆ, ಹಸ್ತ, ಚಿತ್ತೆ, ಸ್ವಾತಿ.

ಗುಡುಗಿನ ಮೋಡ ಊರಿಂದೂರಿಗೆ ನಡೆದು ಬಂದದ್ದಲ್ಲ, ಅಲ್ಲೇ ಹುಟ್ಟಿದ್ದು. ಬೆಳಗಿನಿಂದ ಕಾದ ನೆಲದ ಬಿಸಿಗಾಳಿ ಮೇಲೇರುತ್ತದೆ. ಕಡಲ ಕಡೆಯಿಂದ ತೇವ ಬಂದಿದ್ದರೆ ಮಧ್ಯಾಹ್ನ ಮೂರು-ನಾಲ್ಕರ ಹೊತ್ತಿಗೆ ಹತ್ತಾರು ಸಾವಿರ ಅಡಿ ಎತ್ತರದ ಕರಿಮೋಡವಾಗಿ ನಿಲ್ಲುತ್ತದೆ. ಮಣ್ಣಿನ ವಾಸನೆಯ ತಣ್ಣನೆಯ ಗಾಳಿ, ಕೋಲ್ಮಿಂಚು, ಕೆಲವೊಮ್ಮೆ ಆಲಿಕಲ್ಲು. ಒಂದು ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ, ಅದೂ ನಾಲ್ಕಾರು ಮೈಲಿಯ ಅಗಲದಲ್ಲಿ. ಅಮೆರಿಕದ ಅರಿಜೋನಾದಂಥ ಎತ್ತರದ ಒಣನಾಡಿನಲ್ಲೂ ಜುಲೈಯಿಂದ ಸೆಪ್ಟೆಂಬರಿನವರೆಗೆ ಮಳೆ ಹೀಗೇ ಬರುತ್ತದಂತೆ.

ಇಂಥ ಮಳೆಯನ್ನು ಮುಂದಾಗಿ ತಿಳಿಯಲು ನಮ್ಮವರು ಏನೆಲ್ಲ ಮಾಡಿಲ್ಲ! ಯುಗಾದಿಯ ದಿನ ಪಂಚಾಂಗ ಓದಿಸಿ ಮಳೆ ಎಷ್ಟು ಕೊಳಗ ಎಂದು ಕೇಳಿದರು. ದಸರೆಯ ಹೊತ್ತಿಗೆ ಬೀರೂರಿನಲ್ಲಿ ಮೈಲಾರಲಿಂಗಸ್ವಾಮಿಯ ಕಾರ್ಣಿಕಕ್ಕೆ ಕಿವಿಗೊಟ್ಟರು. ಗೊರವಯ್ಯನ ಒಂದು ಸಾಲಿನ ಮಾತನ್ನು ಇಂದಿಗೂ ಮಳೆಗೆ, ಬೆಳೆಗೆ, ರಾಜ್ಯಭಾರಕ್ಕೆ ಹೊಂದಿಸಿ ಅರ್ಥ ಮಾಡುತ್ತಾರೆ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂಬ ಗಾದೆ ಮಾಡಿಕೊಂಡರು. ಏನೂ ಬಾರದಿದ್ದಾಗ ಮಕ್ಕಳ ತಲೆಯ ಮೇಲೆ ಮಣ್ಣಿನ ಮಳೆರಾಯನನ್ನು ಹೊರಿಸಿ ಮನೆಮನೆಯ ಮುಂದೆ ನೀರು ಸುರಿದರು.

ಮಳೆ ತಪ್ಪಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. 1876-78ರ ಧಾತು ಈಶ್ವರ ಬರದ ಮಾತನ್ನು ನಮ್ಮಜ್ಜಿ ತನ್ನ ಅಜ್ಜಿಯಿಂದ ಕೇಳಿದ್ದಳು. ಅದನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದಳು. 1871ರ ಖಾನೇಷುಮಾರಿಯಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು ಆ ಬರದ ಹಿಂದಿನ ವರ್ಷ, 1875ರಲ್ಲಿ. ಬರ ಕಲಿಸಿದ ಪಾಠದಿಂದಲೇ ಅದರ ಮೊದಲ ಮುಖ್ಯಸ್ಥ ಬ್ಲ್ಯಾನ್‌ಫರ್ಡ್ ಹಿಮಾಲಯದ ಹಿಮ ನೋಡಿ ಮುಂಗಾರನ್ನು ಲೆಕ್ಕ ಹಾಕತೊಡಗಿದ. 1886ರಿಂದ ಮುನ್ಸೂಚನೆ ಕ್ರಮವಾಗಿ ಹೊರಬಿತ್ತು. 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ನಮ್ಮ ಮಳೆಯ ನಂಟು ದೂರದ ಪೆಸಿಫಿಕ್ ಸಾಗರದವರೆಗೂ ಇದೆ ಎಂದು ತೋರಿಸಿದ.

ಪಂಚಾಂಗವಾಗಲಿ ವಾಕರ್ ಆಗಲಿ ಹೇಳಿದ್ದು ನಾಡಿನ ಮಳೆಯನ್ನು, ಹೊಲದ ಮಳೆಯನ್ನಲ್ಲ. ಈಗ ಫೋನಿನಲ್ಲಿರುವ 'ದಾಮಿನಿ' ಸುತ್ತಮುತ್ತ ಸಿಡಿಲಿನ ಅಪಾಯವಿದ್ದರೆ ಎಚ್ಚರಿಸುತ್ತದೆ. ಬಯಲಲ್ಲಿ ಕುರಿ ಕಾಯುವವನಿಗೆ ಅದು ಪ್ರಾಣ ಉಳಿಸುವ ಮಾತು. ಆದರೂ ನಾಳೆಯ ಮೋಡ ಯಾರ ಹೊಲದ ಮೇಲೆ ಒಡೆಯುತ್ತದೆಂದು ಇವತ್ತೇ ಹೇಳಬಲ್ಲವರು ಯಾರೂ ಇಲ್ಲ.

ಹಿರಿಯರು ಇದಕ್ಕೆ ಕಂಡುಕೊಂಡ ಉತ್ತರ ಕೆರೆ. ಮಳೆ ಎಲ್ಲಿ ಬಿದ್ದರೂ ಇಳಿಜಾರಿನಲ್ಲಿ ಹರಿಯಲೇಬೇಕಲ್ಲ! ಅದನ್ನು ಅಡ್ಡಗಟ್ಟಿದರು. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಸಖರಾಯಪಟ್ಟಣದ ಅಯ್ಯನಕೆರೆಯನ್ನು ರುಕ್ಮಾಂಗದರಾಯ ಕಟ್ಟಿಸಿದನೆಂದು ಜನ ಹೇಳುತ್ತಾರೆ. ಎಮ್ಮೆದೊಡ್ಡಿಯ ಕಡೆಯ ಮದಗದ ಕೆರೆಯಂತೂ ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತು. ಮಾಸೂರಿನವರು ಆ ಹಾಡು ತಮ್ಮ ಮದಗದ ಕೆರೆಯದು ಎಂದು ವಾದಿಸುತ್ತಾರೆ, ವಾದಿಸಲಿ. ಅಯ್ಯನಕೆರೆಯಿಂದ ಬರುವ ವೇದಾ, ಮದಗದ ಕೆರೆಯಿಂದ ಬರುವ ಅವತಿ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಅದಕ್ಕೆ ಹಿರಿಯೂರಿನ ಬಳಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಬಿದ್ದದ್ದು 89 ವರ್ಷದ ಮೇಲೆ, 2022ರಲ್ಲಿ. 2025ರ ಜನವರಿಯಲ್ಲಿ ಮೂರನೆಯ ಸಲ. ಇತ್ತೀಚಿನ ವರ್ಷಗಳಲ್ಲಿ ಅಜ್ಜಂಪುರದ ಸುರಂಗದ ಮೂಲಕ ಭದ್ರೆಯ ನೀರೂ ಅದಕ್ಕೆ ಸೇರಿದೆ.

ದೊಡ್ಡ ಕೆರೆಗಳಿಗೆ ಹೆಸರಿದೆ, ಹಾಡಿದೆ. ನಮ್ಮೂರಿನ ಕೆರೆಗೆ ಇರುವುದು ಹೂಳು ಮತ್ತು ಬಳ್ಳಾರಿ ಜಾಲಿ. ಬೋರ್‌ವೆಲ್ ಬಂದ ಮೇಲೆ ಅದನ್ನು ಯಾರೂ ತಿರುಗಿ ನೋಡಲಿಲ್ಲ. 2016ರ ಬರದಲ್ಲಿ ಬೋರ್‌ವೆಲ್‌ಗಳೂ ಬತ್ತಿ, ನಮ್ಮಪ್ಪ ನೆಟ್ಟ ತೆಂಗಿನ ಮರಗಳ ಸುಳಿ ಒಂದೊಂದಾಗಿ ಬಿದ್ದಾಗ ಅಪ್ಪ ಮಳೆಯನ್ನು ಬೈಯಲಿಲ್ಲ. "ಹೋದ ವರ್ಷ ಚಿತ್ತೆ ಮಳೆ ಹುಯ್ದಿತ್ತಲ್ಲೋ, ಆ ನೀರು ಎಲ್ಲಿ ಹೋಯ್ತು?" ಎಂದು ಕೇಳಿದರು. ಕೆರೆಗೆ ನೀರು ತರುವ ಕಾಲುವೆಯನ್ನು ನಡುವೆ ಯಾರೋ ಉತ್ತು ಹೊಲ ಮಾಡಿಕೊಂಡಿದ್ದರು. ನೀರು ರಸ್ತೆ ಹಿಡಿದು ಹೋಗಿತ್ತು. ಕಾಲುವೆ ಮುಚ್ಚಿದ್ದು ಒಂದು ನೂರು ಮಾರು ಅಷ್ಟೇ. ಅದನ್ನು ತೆರೆಯಲು ಮುನ್ಸೂಚನೆ ಬೇಕಿಲ್ಲ. ಉತ್ತರೆ ಮಳೆ ಹುಟ್ಟುವ ಮೊದಲು ಊರಿನ ಹತ್ತು ಜನ ಗುದ್ದಲಿ ಹಿಡಿದರೆ ಸಾಕು.