ಗೆದ್ದು ಊರಿಗೆ ಮರಳುವ ಕನಸು

ಊರು ಬಿಟ್ಟು ಬಂದ ನಮ್ಮಂಥವರು ಒಮ್ಮೆಯಾದರೂ ನೋಡಬೇಕಾದ ಮೂಕಿ ಚಿತ್ರವೊಂದಿದೆ. 1926ರಲ್ಲಿ ಅಮೆರಿಕದ ಫಾಕ್ಸ್ ಸಂಸ್ಥೆಗಾಗಿ ಜಾನ್ ಫೋರ್ಡ್ ನಿರ್ದೇಶಿಸಿದ ‘ದ ಶ್ಯಾಮ್‌ರಾಕ್ ಹ್ಯಾಂಡಿಕ್ಯಾಪ್’. ಕುದುರೆ ಪಂದ್ಯದಲ್ಲಿ ಬಲಿಷ್ಠ ಕುದುರೆಗೆ ಹೆಚ್ಚು ಭಾರ ಹೊರಿಸಿ, ಎಲ್ಲಕ್ಕೂ ಸಮನಾದ ಅವಕಾಶ ಕೊಡುವುದಕ್ಕೆ ಹ್ಯಾಂಡಿಕ್ಯಾಪ್ ಎನ್ನುತ್ತಾರೆ.

ಕಥೆ ಶುರುವಾಗುವುದು ಐರ್ಲೆಂಡಿನಲ್ಲಿ. ಒಕ್ಕಲುಗಳಿಂದ ಗೇಣಿ ವಸೂಲಿ ಮಾಡಲು ಮನಸ್ಸು ಬಾರದ ಜಮೀನ್ದಾರ ಸರ್ ಮೈಲ್ಸ್ ಓಹಾರಾ, ಕೈ ಬರಿದಾಗಿ ಕೆಲವು ಕುದುರೆಗಳನ್ನು ಅಮೆರಿಕದ ಧನಿಕನೊಬ್ಬನಿಗೆ ಮಾರುತ್ತಾನೆ. ಮಗಳು ಶೀಲಾಳನ್ನು ಪ್ರೀತಿಸುವ ನೀಲ್, ಜಾಕಿಯಾಗಲೆಂದು ಆ ಧನಿಕನ ಜೊತೆ ಹೊರಡುತ್ತಾನೆ. ಅಲ್ಲಿ ಪೆಟ್ಟು ತಿಂದು ಊನನಾಗುತ್ತಾನೆ. ಕೊನೆಗೆ ಮನೆಮಂದಿಯೆಲ್ಲ ‘ಡಾರ್ಕ್ ರೋಸಲೀನ್’ ಎಂಬ ಕುದುರೆಯನ್ನೇ ನಂಬಿಕೊಂಡು ಅಮೆರಿಕಕ್ಕೆ ಬರುತ್ತಾರೆ. ನೀಲ್ ಅದನ್ನೇರಿ ಗೆಲ್ಲುತ್ತಾನೆ. ಎಲ್ಲರೂ ಊರಿಗೆ ಮರಳುತ್ತಾರೆ. ಡಾರ್ಕ್ ರೋಸಲೀನ್ ಎಂಬುದು ಐರಿಶ್ ಕಾವ್ಯದಲ್ಲಿ ಐರ್ಲೆಂಡಿಗೇ ಇರುವ ಹೆಸರು. ಓಡಿ ಗೆದ್ದದ್ದು ತಾಯ್ನಾಡೇ ಎನ್ನಬೇಕು!

ಶೀಲಾ ಪಾತ್ರದ ಜಾನೆಟ್ ಗೇನರ್, ಮೂರು ವರ್ಷಗಳ ನಂತರ, 1929ರಲ್ಲಿ, ಶ್ರೇಷ್ಠ ನಟಿಗಾಗಿ ಕೊಟ್ಟ ಮೊಟ್ಟಮೊದಲ ಆಸ್ಕರ್ ಪಡೆದರು.

ಇನ್ನು ಇತಿಹಾಸದ ಮಾತು. ಚಿತ್ರ ತೆರೆಗೆ ಬರುವಷ್ಟರಲ್ಲಿ ಅಂಥ ಐರ್ಲೆಂಡ್ ಬಹುಮಟ್ಟಿಗೆ ಕರಗಿಹೋಗಿತ್ತು. 1903ರ ಭೂ ಕಾಯ್ದೆಯಿಂದಾಗಿ ಒಕ್ಕಲುಗಳು ಸರ್ಕಾರದ ಸಾಲ ಪಡೆದು, ತಾವು ಉಳುವ ನೆಲವನ್ನು ಕೊಂಡುಕೊಳ್ಳತೊಡಗಿದ್ದರು. 1920ರಿಂದ 1923ರವರೆಗಿನ ಹೋರಾಟ, ಅಂತರ್ಯುದ್ಧಗಳಲ್ಲಿ ಜಮೀನ್ದಾರರ ಇನ್ನೂರಕ್ಕೂ ಹೆಚ್ಚು ಬಂಗಲೆಗಳು ಬೆಂಕಿಗೆ ಬಿದ್ದಿದ್ದವು.

ಫೋರ್ಡ್‌ಗೆ ಇದು ತಿಳಿಯದ್ದೇನಲ್ಲ. ಅವರ ತಂದೆ ಗಾಲ್ವೇ ಸೀಮೆಯ ಸ್ಪಿಡಲ್ ಎಂಬ ಊರಿನಿಂದ 1872ರಲ್ಲಿ ಅಮೆರಿಕಕ್ಕೆ ಬಂದು, ಮೇನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ಹೆಂಡದಂಗಡಿ ಇಟ್ಟವರು. ಬ್ರಿಟನ್ನಿನೊಡನೆ ಒಪ್ಪಂದಕ್ಕೆ ಸಹಿಬಿದ್ದ 1921ರ ಡಿಸೆಂಬರಿನಲ್ಲೇ ಫೋರ್ಡ್ ಐರ್ಲೆಂಡಿಗೆ ಹೋಗಿ, ಆ ನಾಡಿನ ಕಷ್ಟವನ್ನು ಕಣ್ಣಾರೆ ಕಂಡು ಬಂದಿದ್ದರು. ಆದರೂ ತೆರೆಯ ಮೇಲಿಟ್ಟದ್ದು ಕರುಣಾಳು ಜಮೀನ್ದಾರನನ್ನು, ನಗುವ ಒಕ್ಕಲುಗಳನ್ನು.

ಇದು ಸುಳ್ಳೇ? ಇತಿಹಾಸದ ಲೆಕ್ಕದಲ್ಲಿ ಹೌದು. ಆದರೆ ವಲಸೆ ಬಂದವರ ಮನಸ್ಸಿನ ಲೆಕ್ಕವೇ ಬೇರೆ. ನಾವು ಬಿಟ್ಟು ಬಂದ ದಿನ ಊರು ಹೇಗಿತ್ತೋ ಹಾಗೇ ನಮ್ಮೊಳಗೆ ನಿಂತಿರುತ್ತದೆ. ಅಲ್ಲಿ ಉಳಿದವರ ಪಾಡು ಮಾತ್ರ ನಿಲ್ಲುವುದಿಲ್ಲ. ಫೋರ್ಡ್ ಅವರ ತಂದೆ 1936ರಲ್ಲಿ ತೀರಿಕೊಂಡದ್ದು ಮೇನ್‌ನಲ್ಲೇ. ಮಗನ ಚಿತ್ರದಲ್ಲಿ ಮಾತ್ರ ಎಲ್ಲರೂ ಗೆದ್ದು ಊರು ಸೇರಿದ್ದರು.